ವಾಚು 98 ಅಂತು, ಡಾಕ್ಟರು 86 ಅಂದ್ರು

ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಒಂದು ಸಲ ಕೂತು ನೋಡಿ. ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ, ಆಮೇಲೆ ಬಂಗಾರಪೇಟೆ. ಪ್ರತಿ ಸ್ಟೇಷನ್ನಿನಲ್ಲೂ ಸ್ವೆಟರ್ ಹಾಕಿಕೊಂಡು, ಟಿಫಿನ್ ಬ್ಯಾಗು ತಗುಲಿಸಿಕೊಂಡು ಜನ ಹತ್ತುತ್ತಾರೆ. ಸೀಟು ಸಿಕ್ಕವರು ಕಣ್ಣು ಮುಚ್ಚುತ್ತಾರೆ, ಸಿಗದವರು ಕಂಬಿ ಹಿಡಿದು ನಿಲ್ಲುತ್ತಾರೆ. ಆ ಕಂಬಿ ಹಿಡಿದ ಕೈಗಳ ಮಣಿಕಟ್ಟಿನಲ್ಲಿ, ಪಟ್ಟಿಯ ಅಡಿಯಿಂದ, ಸಣ್ಣ ಹಸಿರು ದೀಪ ಮಿಣುಕುತ್ತಾ ಇರುತ್ತದೆ. ಹತ್ತು ವರ್ಷದ ಹಿಂದೆ ಇದು ಕಾಣಿಸುತ್ತಿರಲಿಲ್ಲ. ಈಗ ಕೈಯಲ್ಲಿ ಸ್ಮಾರ್ಟ್‌ವಾಚ್ ಇಲ್ಲದವರನ್ನೇ ಹುಡುಕಬೇಕು.

ನಮ್ಮ ಮನೆಯವರೂ ಆ ಗುಂಪಿನಲ್ಲಿ ಒಬ್ಬರು. ರಾಬರ್ಟ್‌ಸನ್‌ಪೇಟೆಯಿಂದ ಹೊರಟು ವೈಟ್‌ಫೀಲ್ಡಿನಲ್ಲಿ ಇಳಿದು, ಅಲ್ಲಿ ಮೆಟ್ರೊ ಹಿಡಿದು ಕೆಲಸಕ್ಕೆ ಹೋಗಿ, ರಾತ್ರಿ ಒಂಬತ್ತರ ಮೇಲೆ ಮನೆ ಸೇರುವ ಜೀವ. ಅವರ ವಾಚು ದಿನಾ ಬೆಳಿಗ್ಗೆ "ನಿಮ್ಮ ನಿದ್ದೆ ಕಳಪೆ" ಅಂತ ಹೇಳುತ್ತೆ. ಅದನ್ನು ಹೇಳೋಕೆ ವಾಚು ಯಾಕ್ರೀ ಬೇಕು, ನಾನೇ ಹೇಳ್ತಿದ್ದೆನಲ್ಲ ಅಂದೆ ಒಂದಿನ. ನಕ್ಕರು ಅಷ್ಟೆ.

ಆದರೆ ಈ ಲೇಖನ ಬರೆಯೋಕೆ ಕಾರಣ ಅವರ ವಾಚಲ್ಲ, ನಮ್ಮ ಮಾವನವರದು.

ಮಾವನಿಗೆ ಈಗ 68. ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದಾಗ ಅವರಿಗೆ ನಲವತ್ತು ದಾಟಿತ್ತು ಅಷ್ಟೆ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದ ಚಾಂಪಿಯನ್ ರೀಫ್ ಗಣಿಯ ಕಥೆ ಅವರ ಬಾಯಲ್ಲಿ ಕೇಳಬೇಕು, ಕೆಳಗಿನ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತಂತೆ. ಗಣಿ ಬಿಟ್ಟು ಇಷ್ಟು ವರ್ಷ ಆದರೂ ಅದರ ದೂಳು ಅವರ ಎದೆಯಲ್ಲಿ ಹಾಗೇ ಉಳಿದಿದೆ. ಸಿಲಿಕಾ ದೂಳಿನ ಕಾಯಿಲೆ ಹಾಗೇ ಅಂತೆ, ದೂಳು ನಿಂತರೂ ಕಾಯಿಲೆ ಮುಂದುವರಿಯುತ್ತೆ. ನಮ್ಮ ಬೀದಿಯಲ್ಲಿ ಇಂಥವರು ಇನ್ನೂ ಕೆಲವರಿದ್ದಾರೆ. ಸಂಜೆ ಜಗಲಿ ಮೇಲೆ ಕೂತರೆ ಕೆಮ್ಮಿನಲ್ಲೇ ಒಬ್ಬರನ್ನೊಬ್ಬರು ಗುರುತು ಹಿಡೀತಾರೆ.

ಎರಡು ವರ್ಷದ ಹಿಂದೆ ಅವರ ಹುಟ್ಟುಹಬ್ಬಕ್ಕೆ ನಾವು ಒಂದು ಸ್ಮಾರ್ಟ್‌ವಾಚು ಕೊಡಿಸಿದೆವು. ಬೆಲೆ 1,499 ರೂಪಾಯಿ. ಪೆಟ್ಟಿಗೆ ಮೇಲೆ ಎಲ್ಲವೂ ಇತ್ತು. ಹೃದಯಬಡಿತ, ರಕ್ತದ ಆಮ್ಲಜನಕ, ಬಿ.ಪಿ., ನಿದ್ದೆ, ಒತ್ತಡ, ಕಾಲಿಂಗು, ನೂರಕ್ಕೂ ಹೆಚ್ಚು ಆಟಗಳ ಮೋಡು. ಮಾವನಿಗೆ ಕಾಲಿಂಗ್ ಬೇಡ, ಆಟವೂ ಬೇಡ. ಇಷ್ಟವಾಗಿದ್ದು ಆ ಆಮ್ಲಜನಕದ ಸಂಖ್ಯೆ. ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಒತ್ತುವುದು, 98 ಅಂತ ಬಂದರೆ ನನ್ನ ಕಡೆ ತಿರುಗಿಸಿ ತೋರಿಸುವುದು. "ನೋಡಮ್ಮಾ, ಇನ್ನೂ ಗಟ್ಟಿ ಇದ್ದೀನಿ."

ಕಳೆದ ಮಳೆಗಾಲದಲ್ಲಿ ಅವರಿಗೆ ಶೀತ ಹಿಡೀತು. ಎರಡನೇ ದಿನ ಬಾತ್‌ರೂಮಿಗೆ ಹೋಗಿ ಬರೋಕೆ ಎರಡು ಸಲ ಕೂತರು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಕೈ ಚಾಚಿ ವಾಚು ತೋರಿಸಿದರು. 98. ಮಾರನೇ ದಿನವೂ 98, ಒಂದು ಸಲ 97. ನಾನೂ ನಂಬಿಬಿಟ್ಟೆ, ಸುಳ್ಳು ಯಾಕೆ ಹೇಳಲಿ. ನಾಲ್ಕನೇ ದಿನ ಮಾತಾಡುವಾಗ ವಾಕ್ಯ ಮುಗಿಸೋಕೆ ಆಗ್ತಿಲ್ಲ, ತುಟಿ ಬಣ್ಣ ಯಾಕೋ ಸರಿಯಿಲ್ಲ ಅನ್ನಿಸಿ ಆಟೊ ಹತ್ತಿಸಿಕೊಂಡು ಹೋದೆವು. ಕ್ಲಿನಿಕ್ಕಿನಲ್ಲಿ ನರ್ಸು ಬೆರಳಿಗೆ ಕ್ಲಿಪ್ಪು ಹಾಕಿದರು. 86. ಅದೇ ಹೊತ್ತಿನಲ್ಲಿ ಇನ್ನೊಂದು ಕೈಯಲ್ಲಿದ್ದ ವಾಚು ಒತ್ತಿದೆ. 98.

ಡಾಕ್ಟರು ವಾಚಿನ ಕಡೆ ನೋಡಲೂ ಇಲ್ಲ. ಆಕ್ಸಿಜನ್ ಹಾಕಿ ಕೋಲಾರಕ್ಕೆ ಕಳಿಸಿದರು. ಆರು ದಿನ ಆಸ್ಪತ್ರೆ. ಮಾವ ಮನೆಗೆ ಬಂದರು, ಅದೇ ದೊಡ್ಡದು. ಆದರೆ ಆ ಮೂರು ದಿನ ನಾವು ಕಳೆದದ್ದು ಒಂದು ಸಂಖ್ಯೆಯನ್ನು ನಂಬಿ.

ಮನೆಗೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ವಾಚು ತೆಗೆದು, ಕೈಒರೆಸುವ ಬಟ್ಟೆಯನ್ನು ಸುರುಳಿ ಸುತ್ತಿ, ಅದಕ್ಕೆ ಕಟ್ಟಿದೆ. ಹೃದಯಬಡಿತ ಒತ್ತಿದೆ. ಸ್ವಲ್ಪ ಹೊತ್ತು ಮಿಣುಕಿ 74 ಅಂತು. ಬಟ್ಟೆಗೆ 74!

ಆ ಮೇಲೆ ನಾನು ಓದೋಕೆ ಶುರು ಮಾಡಿದೆ. ಮನೆಯಲ್ಲಿ ನಾಲ್ಕು ಕೈ ಇವೆ, ಯಾವ ಕೈಗೆ ಯಾವುದು ಬೇಕು, ಯಾವುದು ಬೇಡವೇ ಬೇಡ ಅಂತ ತಿಳಿಯಲೇಬೇಕಿತ್ತು. ಓದಿದ್ದು, ಅಂಗಡಿಯಲ್ಲಿ ಕೇಳಿದ್ದು, ಮನೆಯಲ್ಲೇ ಪರೀಕ್ಷೆ ಮಾಡಿದ್ದು ಎಲ್ಲ ಸೇರಿಸಿ ಇಲ್ಲಿ ಬರೀತಿದ್ದೀನಿ.

ಆ ಹಸಿರು ದೀಪ ಏನು ನೋಡುತ್ತೆ?

ರಕ್ತ ಕೆಂಪಗಿರುವುದು ಅದು ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚಾಗಿ, ಮತ್ತೆ ತುಸು ಕಡಿಮೆಯಾಗುತ್ತೆ. ಹೆಚ್ಚಾದಾಗ ವಾಪಸು ಬರುವ ಹಸಿರು ಬೆಳಕು ಕಡಿಮೆ, ಕಡಿಮೆಯಾದಾಗ ಜಾಸ್ತಿ. ಈ ಏರಿಳಿತವನ್ನು ವಾಚು ಎಣಿಸುತ್ತೆ. ಹೃದಯಬಡಿತ ಅಂದರೆ ಅದೇ. ಇದು ಸುಲಭದ ಲೆಕ್ಕ, ಸುಮ್ಮನೆ ಕೂತಾಗ ಅಗ್ಗದ ವಾಚೂ ಬಹುಮಟ್ಟಿಗೆ ಸರಿಯಾಗೇ ಹೇಳುತ್ತೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆಗಿನ ಏಳು ಹೆಸರುವಾಸಿ ಪಟ್ಟಿಗಳನ್ನು ಪರೀಕ್ಷೆ ಮಾಡಿದರು. ಹೃದಯಬಡಿತದಲ್ಲಿ ಏಳರಲ್ಲಿ ಆರು ಶೇ 5ರೊಳಗಿನ ತಪ್ಪಿನಲ್ಲೇ ಇದ್ದವು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೇ ಶೇ 27ರಷ್ಟು ತಪ್ಪು, ಕೆಟ್ಟದ್ದು ಶೇ 93! ಹಾಗಾಗಿ "ಇವತ್ತು 400 ಕ್ಯಾಲೊರಿ ಕರಗಿಸಿದೆ, ಒಂದು ಪ್ಲೇಟು ಪಾನಿಪುರಿ ತಿನ್ನಬಹುದು" ಅನ್ನೋ ಲೆಕ್ಕ ಬಂಗಾರಪೇಟೆಯ ಪಾನಿಪುರಿ ಗಾಡಿ ಮುಂದೆ ನಿಂತು ಹಾಕಬೇಡಿ. ತಿನ್ನಬೇಕು ಅನ್ನಿಸಿದರೆ ತಿನ್ನಿ, ವಾಚನ್ನು ಸಾಕ್ಷಿಗೆ ಕರೀಬೇಡಿ.

ಆಮ್ಲಜನಕದ ಲೆಕ್ಕ ಬೇರೆ. ಅದಕ್ಕೆ ಕೆಂಪು ಮತ್ತು ಕಣ್ಣಿಗೆ ಕಾಣದ ಇನ್ನೊಂದು ಬೆಳಕು, ಹೀಗೆ ಎರಡು ಬೇಕು. ಆಮ್ಲಜನಕ ಹೊತ್ತ ರಕ್ತ ಒಂದನ್ನು ಜಾಸ್ತಿ ಹೀರುತ್ತೆ, ಹೊರದ ರಕ್ತ ಇನ್ನೊಂದನ್ನು. ಎರಡರ ಅನುಪಾತದಿಂದ ಸಂಖ್ಯೆ ಬರುತ್ತೆ. ಇದನ್ನು 1970ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ. ಆಸ್ಪತ್ರೆಯ ಕ್ಲಿಪ್ಪಿನಲ್ಲಿ ಬೆಳಕು ಬೆರಳಿನ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಗೆ ಬರುತ್ತೆ. ಮಣಿಕಟ್ಟಿನಲ್ಲಿ ಅದು ಆಗೋದಿಲ್ಲ, ಮಧ್ಯೆ ಮೂಳೆ, ನರ, ಎಲ್ಲಾ ಇವೆ. ಹೋದ ಬೆಳಕು ಹೋದ ಕಡೆಯೇ ವಾಪಸು ಬರಬೇಕು. ಸಿಗ್ನಲ್ಲು ತೀರಾ ಸಣ್ಣದು. ಪಟ್ಟಿ ಸಡಿಲ ಇದ್ದರೆ, ಕೈ ತಣ್ಣಗಿದ್ದರೆ, ಅಲುಗಾಡಿದರೆ ಲೆಕ್ಕ ಕೆಡುತ್ತೆ. ಒಳ್ಳೆಯ ಕಂಪನಿಯ ವಾಚು ಆಗ "ಅಳೆಯಲು ಆಗಲಿಲ್ಲ, ಮತ್ತೆ ಪ್ರಯತ್ನಿಸಿ" ಅನ್ನುತ್ತೆ. ನನ್ನ ಪ್ರಕಾರ ಇದೇ ದೊಡ್ಡ ಪರೀಕ್ಷೆ: ಗೊತ್ತಿಲ್ಲ ಅನ್ನೋಕೆ ಬರುವ ವಾಚು ಬೇಕು. ನಮ್ಮದು ಯಾವತ್ತೂ ಗೊತ್ತಿಲ್ಲ ಅಂದಿರಲಿಲ್ಲ, ಬಟ್ಟೆಗೆ ಕಟ್ಟಿದಾಗಲೂ ಸಹ.

ಇನ್ನೊಂದು ವಿಷಯ ನಮ್ಮ ಊರಿನವರಿಗೆ ಮುಖ್ಯ. ಮಾವನ ಎಡಗೈ ಮಣಿಕಟ್ಟಿನ ಹತ್ತಿರ ಅತ್ತೆಯ ಹೆಸರಿನ ಹಚ್ಚೆ ಇದೆ. ಅವರ ವಯಸ್ಸಿನವರಲ್ಲಿ ಎಷ್ಟೋ ಜನಕ್ಕೆ ಇದೆ. ಹಚ್ಚೆಯ ಕಪ್ಪು ಬಣ್ಣ ಬೆಳಕನ್ನು ತಡೆಯುತ್ತೆ, ಸೆನ್ಸರ್ ಕುರುಡಾಗುತ್ತೆ. ಆಪಲ್ ಕಂಪನಿಯೇ ಹಚ್ಚೆ ಇರುವ ಕಡೆ ಅಳತೆ ಕಷ್ಟ ಅಂತ ಹೇಳಿಕೊಂಡಿದೆ. ಕಪ್ಪು ಚರ್ಮದ ವಿಷಯದಲ್ಲಿ ಆಸ್ಪತ್ರೆಯ ಬೆರಳಿನ ಕ್ಲಿಪ್ಪೂ ನಿರ್ದೋಷಿಯಲ್ಲ. ನಿಜವಾದ ಆಮ್ಲಜನಕ ಕಡಿಮೆ ಇದ್ದರೂ ಕ್ಲಿಪ್ಪು ಅದನ್ನು ಗುರುತಿಸದೆ ಬಿಡುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಅಂತ 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡಿದವರು ಬರೆದರು. ಸಂಖ್ಯೆ ಚೆನ್ನಾಗಿದ್ದು ಮನುಷ್ಯ ಏದುಸಿರು ಬಿಡ್ತಿದ್ದರೆ ಮನುಷ್ಯನನ್ನು ನಂಬಿ.

ಬಿ.ಪಿ. ವಿಷಯ ಚುಟುಕಾಗಿ ಹೇಳಿಬಿಡ್ತೀನಿ. ಬಿ.ಪಿ. ಅಳೆಯೋಕೆ ನಾಳವನ್ನು ಒತ್ತಬೇಕು, ಅದಕ್ಕೇ ತೋಳಿಗೆ ಗಾಳಿ ತುಂಬುವ ಪಟ್ಟಿ. ಓಮ್ರಾನ್ ಕಂಪನಿ ವಾಚಿನ ಪಟ್ಟಿಯೊಳಗೇ ಗಾಳಿಚೀಲ ಇಟ್ಟು ಒಂದು ಮಾಡೆಲ್ ಮಾಡಿತ್ತು. ಸ್ಯಾಮ್‌ಸಂಗ್ ವಾಚು ಗಾಳಿಚೀಲ ಇಲ್ಲದೆ ಅಂದಾಜು ಮಾಡುತ್ತೆ, ಆದರೆ 28 ದಿನಕ್ಕೊಮ್ಮೆ ಮಾಮೂಲಿ ಬಿ.ಪಿ. ಯಂತ್ರದ ಜೊತೆ ಹೋಲಿಸಿ ಸರಿಮಾಡಿಕೊಳ್ಳಲೇಬೇಕು. ಅಷ್ಟು ದೊಡ್ಡ ಕಂಪನಿಗೇ ಹೋಲಿಕೆ ಬೇಕಾದರೆ, 1,500 ರೂಪಾಯಿ ವಾಚು ಯಾವ ಹೋಲಿಕೆಯೂ ಇಲ್ಲದೆ 120/80 ಅಂತ ಹೇಳಿದರೆ ಅದು ಎಲ್ಲಿಂದ ಬಂತು ನೀವೇ ಯೋಚಿಸಿ. ಇನ್ನು ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಅಂತ ಅಮೆರಿಕದ ಎಫ್.ಡಿ.ಎ. 2024ರ ಫೆಬ್ರುವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಅಂಥ ಒಂದಕ್ಕೂ ಅದು ಅನುಮತಿ ಕೊಟ್ಟಿರಲಿಲ್ಲ. ಇನ್ಸುಲಿನ್ ತಗೊಳ್ಳುವವರಿಗೆ ಈ ತಪ್ಪು ಪ್ರಾಣಕ್ಕೇ ಬರಬಹುದು.

ವಾಚಾ, ಬ್ಯಾಂಡಾ?

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ನಾನು ಎಂ.ಜಿ. ಮಾರ್ಕೆಟ್ ಸುತ್ತಮುತ್ತ ನಾಲ್ಕು ಅಂಗಡಿ ತಿರುಗಿದೆ. ನಾಲ್ಕರಲ್ಲೂ ಮುಂದೆ ಇಟ್ಟಿದ್ದು ದೊಡ್ಡ ಚೌಕ ಮುಖದ ವಾಚುಗಳು. ಬ್ಯಾಂಡು ಕೇಳಿದರೆ "ಅದ್ಯಾರು ತಗೋತಾರೆ ಅಕ್ಕಾ ಈಗ, ಅದೇ ದುಡ್ಡಿಗೆ ವಾಚೇ ಬರುತ್ತಲ್ಲ" ಅಂದರು. ಒಂದು ಅಂಗಡಿಯ ಹುಡುಗ ಮಾತ್ರ ಕೆಳಗಿನ ಖಾನೆಯಿಂದ ದೂಳು ಒರೆಸಿ ಒಂದನ್ನು ತೆಗೆದುಕೊಟ್ಟ.

ಅವರು ಹೇಳಿದ್ದು ನಿಜ. ಬೆಲೆಯಲ್ಲಿ ವ್ಯತ್ಯಾಸವೇ ಉಳಿದಿಲ್ಲ. ಶಿಯೋಮಿ ಕಂಪನಿ ಮೊದಲ ಎಂಐ ಬ್ಯಾಂಡನ್ನು ನಮ್ಮ ದೇಶದಲ್ಲಿ 2015ರಲ್ಲಿ 999 ರೂಪಾಯಿಗೆ ತಂದಾಗ ಅದಕ್ಕೆ ಪರದೆಯೇ ಇರಲಿಲ್ಲ, ಮೂರು ಚುಕ್ಕಿ ದೀಪ ಅಷ್ಟೆ. ನಮ್ಮ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಇಟ್ಟುಕೊಂಡ ಟೈಟಾನ್, ಫಾಸ್ಟ್‌ಟ್ರ್ಯಾಕ್ ಹೆಸರಿನಲ್ಲಿ ರಿಫ್ಲೆಕ್ಸ್ ಬ್ಯಾಂಡು ತಂದದ್ದು 2017ರಲ್ಲಿ. ಆಮೇಲೆ ಕೊರೊನಾ ಬಂತು. ಮನೆಮನೆಯಲ್ಲೂ ಆಮ್ಲಜನಕದ ಸಂಖ್ಯೆಯ ಭಯ. ನಾಯ್ಸ್, ಬೋಟ್, ಫೈರ್‌ಬೋಲ್ಟ್ ಅಂಥ ನಮ್ಮ ದೇಶದ ಬ್ರಾಂಡುಗಳು ಎರಡು ಸಾವಿರದ ಒಳಗೆ ದೊಡ್ಡ ಪರದೆ, ಕಾಲಿಂಗು, ಆಮ್ಲಜನಕ ಎಲ್ಲಾ ಕೊಟ್ಟವು. ಮಾರುಕಟ್ಟೆ ಅಳೆಯುವ ಐ.ಡಿ.ಸಿ. ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ದೇಶದಲ್ಲಿ ಐದು ಕೋಟಿಗೂ ಮಿಕ್ಕಿ ಸ್ಮಾರ್ಟ್‌ವಾಚು ಅಂಗಡಿಗಳಿಗೆ ಹೋದವು. ಮರುವರ್ಷ ಅದು ಮೂರೂವರೆ ಕೋಟಿಗೆ ಇಳಿಯಿತು. ಮೂರರಲ್ಲಿ ಒಂದು ಪಾಲು ಬಿದ್ದುಹೋಯಿತು!

ಯಾಕೆ ಬಿತ್ತು ಅನ್ನೋಕೆ ದೊಡ್ಡ ಪಂಡಿತರು ಬೇಕಾಗಿಲ್ಲ. ನಿಮ್ಮ ಮನೆಯ ಡ್ರಾಯರ್ ಎಳೆದು ನೋಡಿ. ನಮ್ಮ ಮನೆಯಲ್ಲಿ ಮೂರಿವೆ. ಒಂದರ ಚಾರ್ಜರ್ ಕಳೆದಿದೆ, ಅದರ ಮ್ಯಾಗ್ನೆಟ್ ಪಿನ್ನು ಬೇರೆ ಯಾವುದಕ್ಕೂ ಹೊಂದಲ್ಲ. ಒಂದರ ಪಟ್ಟಿ ಹರಿದಿದೆ. ಇನ್ನೊಂದರ ಆ್ಯಪು ಹೊಸ ಫೋನಿನಲ್ಲಿ ತೆರೆಯೋದೇ ಇಲ್ಲ. ಮೊದಲ ವಾಚು ಆಸೆಗೆ ತಗೊಂಡವರು ಎರಡನೆಯದನ್ನು ಯೋಚಿಸಿ ತಗೋತಾರೆ, ಇಲ್ಲಾ ತಗೊಳ್ಳೋದೇ ಇಲ್ಲ. ನಮ್ಮ ತಂದೆಯ ಎಚ್‌ಎಂಟಿ ವಾಚು, ಬೆಂಗಳೂರಿನಲ್ಲಿ ತಯಾರಾದದ್ದು, ಕೀ ಕೊಟ್ಟರೆ ಇವತ್ತಿಗೂ ಓಡುತ್ತೆ. ಅದಕ್ಕೆ ಆ್ಯಪ್ ಅಪ್‌ಡೇಟ್ ಕೇಳೋಕೆ ಬರಲ್ಲ ಪಾಪ.

ಹಾಗಾದರೆ ಬ್ಯಾಂಡು ಯಾಕೆ? ಎರಡೇ ಕಾರಣ, ಆದರೆ ಎರಡೂ ದೊಡ್ಡವು. ಒಂದು ಬ್ಯಾಟರಿ. ಆಪಲ್ ವಾಚಿಗೆ ಕಂಪನಿಯೇ ಬಹಳ ವರ್ಷ ಹೇಳುತ್ತಿದ್ದ ಲೆಕ್ಕ 18 ಗಂಟೆ, ಅಂದರೆ ದಿನಾ ಚಾರ್ಜು. ಬ್ಯಾಂಡಿಗೆ ಎರಡು ವಾರ ಅನ್ನುತ್ತಾರೆ, ಎಲ್ಲಾ ಸೆನ್ಸರ್ ಆನ್ ಇಟ್ಟರೆ ಒಂದು ವಾರಕ್ಕಂತೂ ಮೋಸವಿಲ್ಲ. ನಿದ್ದೆ ಅಳೆಯಬೇಕಾದರೆ ರಾತ್ರಿ ಕೈಯಲ್ಲಿರಬೇಕು, ದಿನಾ ಚಾರ್ಜಿಗೆ ಹಾಕುವ ವಾಚನ್ನು ಬಹಳ ಜನ ರಾತ್ರಿಯೇ ಹಾಕುತ್ತಾರೆ! ಎರಡನೆಯದು ಹಗುರ. ಬ್ಯಾಂಡು ಚರ್ಮಕ್ಕೆ ಅಂಟಿಕೊಂಡು ಕೂರುತ್ತೆ, ಅಲುಗಾಡಲ್ಲ, ಅದಕ್ಕೇ ಅಳತೆಯೂ ಸರಿ ಬರುತ್ತೆ. ಎರಡು ಇಂಚಿನ ಪರದೆಯ ಭಾರದ ವಾಚು ಸಣ್ಣ ಕೈಯ ಹೆಣ್ಣುಮಕ್ಕಳ ಮಣಿಕಟ್ಟಿನಲ್ಲಿ ಬಳೆ ಹಾಗೆ ಜಾರಾಡುತ್ತೆ. ಬೆಳಕು ಸೋರಿತು ಅಂದರೆ ಲೆಕ್ಕ ಹೋಯಿತು.

ವಾಚಿನ ಪರವಾಗಿ ಹೇಳೋದಾದರೆ ಕಾಲಿಂಗ್. ರೈಲಿನಲ್ಲಿ ಜೋತಾಡುವಾಗ ಜೇಬಿನಿಂದ ಫೋನು ತೆಗೆಯೋದಕ್ಕಿಂತ ಯಾರ ಕರೆ ಅಂತ ಕೈಯಲ್ಲೇ ನೋಡೋದು ಅನುಕೂಲ, ಫೋನು ಕಳುವಾಗುವ ಭಯವೂ ಕಡಿಮೆ. ದೊಡ್ಡ ಅಕ್ಷರ ಬೇಕಾದ ವಯಸ್ಸಾದವರಿಗೂ ವಾಚೇ ಸರಿ. ಜಿ.ಪಿ.ಎಸ್. ಬೇಕಾದರೆ ಒಂದು ಮಾತು ಕೇಳಿಕೊಳ್ಳಿ: ವಾಚಿನೊಳಗೇ ಇದೆಯಾ, ಇಲ್ಲಾ ಫೋನಿನದನ್ನು ಎರವಲು ತಗೊಳ್ಳುತ್ತಾ ಅಂತ. ಪೆಟ್ಟಿಗೆ ಮೇಲೆ ಎರಡಕ್ಕೂ ಜಿ.ಪಿ.ಎಸ್. ಅಂತಲೇ ಇರುತ್ತೆ.

ಪೆಟ್ಟಿಗೆ ಮೇಲಿನ ಬಿ.ಐ.ಎಸ್. ಗುರುತು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಅದು ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು ಅನ್ನೋ ಸುರಕ್ಷತೆಗೆ. ಒಳಗಿನ ಸಂಖ್ಯೆ ಸರಿ ಅನ್ನೋದಕ್ಕಲ್ಲ. ನಮ್ಮ ವಾಚಿನ ಪೆಟ್ಟಿಗೆ ತಲೆಕೆಳಗು ಮಾಡಿ ನೋಡಿದಾಗ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು, "ವೈದ್ಯಕೀಯ ಬಳಕೆಗಲ್ಲ" ಅಂತ. ಮುಂದೆ ದೊಡ್ಡದಾಗಿ ಹೃದಯದ ಚಿತ್ರ, ಹಿಂದೆ ಈ ಸಾಲು. ಆಪಲ್ ಕೂಡ ಆಮ್ಲಜನಕದ ಅಳತೆಗೆ ಇದೇ ಮಾತು ಹೇಳುತ್ತೆ. ಎಲ್ಲರೂ ಹೇಳುತ್ತಾರೆ, ಆದರೆ ಅಂಗಡಿಯವನು ಹೇಳಲ್ಲ.

ಒಂದೇ ಒಂದು ಕಡೆ ವಾಚು ನಿಜವಾಗಿ ಡಾಕ್ಟರ ಹತ್ತಿರ ಹತ್ತಿರ ಬಂದಿದೆ. ಎದೆಬಡಿತದ ತಾಳ ತಪ್ಪುವ ಕಾಯಿಲೆ ಇದೆಯಲ್ಲ, ಅದರಿಂದ ಪಾರ್ಶ್ವವಾಯು ಬರಬಹುದು. ಅದನ್ನು ಗುರುತಿಸಬಹುದಾ ಅಂತ ಸ್ಟ್ಯಾನ್‌ಫರ್ಡಿನವರು ಆಪಲ್ ವಾಚು ಕಟ್ಟಿದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದರು. ಎಚ್ಚರಿಕೆ ಬಂದದ್ದು ಅರ್ಧ ಪರ್ಸೆಂಟಿನಷ್ಟು ಜನಕ್ಕೆ. ಅವರಲ್ಲಿ ಎದೆಗೆ ಇ.ಸಿ.ಜಿ. ಪಟ್ಟಿ ಅಂಟಿಸಿಕೊಂಡು ವಾಪಸು ಕೊಟ್ಟವರಲ್ಲಿ ಮೂರರಲ್ಲಿ ಒಬ್ಬರಿಗೆ ಆ ತಾಳ ತಪ್ಪುವಿಕೆ ಸಿಕ್ಕಿತು. ಹಾಗಾಗಿ ಮನೆಯಲ್ಲಿ ಹೃದಯದ ಕಾಯಿಲೆ ಇರುವವರಿದ್ದು, ದುಡ್ಡೂ ಇದ್ದರೆ, ಇ.ಸಿ.ಜಿ. ಇರುವ ದುಬಾರಿ ವಾಚಿಗೆ ಅರ್ಥವಿದೆ. ಅದರಲ್ಲೂ ಹೃದಯಾಘಾತವನ್ನು ಅದು ಹಿಡಿಯುವುದಿಲ್ಲ, ಎದೆನೋವು ಬಂದಾಗ ವಾಚು ಒತ್ತುತ್ತಾ ಕೂರಬಾರದು. ಆಪಲ್ ವಾಚು ಐಫೋನಿಗೆ ಮಾತ್ರ ಹೊಂದುತ್ತೆ, ಸ್ಯಾಮ್‌ಸಂಗಿನ ಇ.ಸಿ.ಜಿ.ಗೆ ಸ್ಯಾಮ್‌ಸಂಗ್ ಫೋನೇ ಬೇಕು. ವಾಚಿಗಾಗಿ ಫೋನು ಬದಲಾಯಿಸೋಕೆ ನಮ್ಮಂಥವರ ಕೈಲಾಗುತ್ತಾ?

ಮುದ್ದೆ ತಿರುವಿದರೆ ಎಷ್ಟು ಹೆಜ್ಜೆ?

ಹೆಜ್ಜೆಯ ಲೆಕ್ಕ ಬೆಳಕಿನದಲ್ಲ, ಅಲುಗಾಟದ್ದು. ಕೈ ಒಂದು ತಾಳದಲ್ಲಿ ಅಲುಗಿದರೆ ಅದು ಹೆಜ್ಜೆ ಅಂತ ತಿಳಿಯುತ್ತೆ. ನಾನು ಪರೀಕ್ಷೆ ಮಾಡಿದೆ. ನಾಲ್ಕು ಜನಕ್ಕೆ ಮುದ್ದೆ ಮಾಡಿ ಮುಗಿಸುವಷ್ಟರಲ್ಲಿ, ಒಲೆ ಬಿಟ್ಟು ಅಲುಗದೆ, 140 ಹೆಜ್ಜೆ ನಡೆದಿದ್ದೆ! ಬಟ್ಟೆ ಕುಕ್ಕಿದರೆ ಇನ್ನೂ ಜಾಸ್ತಿ. ಆಟೊದಲ್ಲಿ ಗುಂಡಿ ರಸ್ತೆ ಮೇಲೆ ಹೋದರೂ ಒಂದಷ್ಟು ಸಿಗುತ್ತೆ, ನಮ್ಮ ಊರಿನ ರಸ್ತೆಗಳು ಈ ವಿಷಯದಲ್ಲಿ ಉದಾರಿಗಳು. ಅದೇ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಮಾರ್ಕೆಟ್ಟಿನಿಂದ ಮನೆವರೆಗೆ ನಡೆದರೆ ಅರ್ಧವೂ ಎಣಿಸಲಿಲ್ಲ, ಕೈ ಬೀಸಲಿಲ್ಲವಲ್ಲ.

ಇನ್ನು ಆ 10,000 ಹೆಜ್ಜೆ. ಇದು ಯಾವ ಡಾಕ್ಟರೂ ಬರೆದುಕೊಟ್ಟ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರಕ್ಕೆ "ಹತ್ತುಸಾವಿರ ಹೆಜ್ಜೆಯ ಮೀಟರು" ಅನ್ನೋ ಅರ್ಥದ ಹೆಸರಿಟ್ಟು ಮಾರಿತು, ಅಲ್ಲಿಂದ ಅದು ಲೋಕದ ಬಾಯಿಗೆ ಬಿತ್ತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಹೆಂಗಸರನ್ನು ಗಮನಿಸಿದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇದನ್ನು ನಮ್ಮಮ್ಮನಿಗೆ ಓದಿ ಹೇಳಿದೆ. ದಿನಾ ರಾತ್ರಿ ಲೆಕ್ಕ ತುಂಬಿಸೋಕೆ ಹಾಲಿನಲ್ಲಿ ಸುತ್ತು ಹಾಕುತ್ತಿದ್ದವರು ಈಗ ಆರಾಮಾಗಿ ಧಾರಾವಾಹಿ ನೋಡ್ತಾರೆ.

ತೂಕ ಇಳಿಸೋಕೆ ಅಂತ ವಾಚು ಕೊಳ್ಳುವವರಿಗೂ ಒಂದು ಮಾತು. 2016ರಲ್ಲಿ ಪ್ರಕಟವಾದ ಎರಡು ವರ್ಷದ ಪ್ರಯೋಗದಲ್ಲಿ 471 ಯುವಕ ಯುವತಿಯರಿಗೆ ಊಟ, ವ್ಯಾಯಾಮದ ಸಲಹೆ ಕೊಟ್ಟು, ಆರು ತಿಂಗಳಾದ ಮೇಲೆ ಅರ್ಧ ಜನಕ್ಕೆ ಮಾತ್ರ ಫಿಟ್‌ನೆಸ್ ಟ್ರ್ಯಾಕರ್ ಕೊಟ್ಟರು. ಕೊನೆಗೆ ಟ್ರ್ಯಾಕರ್ ಕಟ್ಟಿದವರು ಇಳಿಸಿದ್ದು ಸರಾಸರಿ 3.5 ಕಿಲೋ, ಕಟ್ಟದವರು 5.9 ಕಿಲೋ! ವಾಚು ಕಟ್ಟಿದರೆ ದಪ್ಪಗಾಗ್ತಾರೆ ಅಂತಲ್ಲ. ನಡೆದೆನಲ್ಲ ಅನ್ನೋ ಧೈರ್ಯದಲ್ಲಿ ಎರಡು ಬಜ್ಜಿ ಜಾಸ್ತಿ ಹೋಗುತ್ತೇನೋ ಅಂತ ನನ್ನ ಅನುಮಾನ.

ನಾಲ್ಕು ಕೈಗೆ ಕೊನೆಗೆ ಏನಾಯಿತು

ಮಗಳು ಎಂಟನೇ ಕ್ಲಾಸು, ಓಟದಲ್ಲಿ ಸ್ಕೂಲಿಗೆ ಮುಂದೆ. ಅವಳಿಗೆ ಒಂದು ಬ್ಯಾಂಡು ತೆಗೆದುಕೊಟ್ಟೆ, ಆ ದೂಳು ಒರೆಸಿದ ಹುಡುಗನ ಅಂಗಡಿಯಲ್ಲೇ. ಓಡಿ ಬಂದ ಮೇಲೆ ಬಡಿತ ಎಷ್ಟು ನಿಮಿಷಕ್ಕೆ ಇಳಿಯುತ್ತೆ ಅಂತ ಪುಸ್ತಕದಲ್ಲಿ ಬರೆದಿಡ್ತಾಳೆ. ಒಂದೊಂದು ದಿನದ ಸಂಖ್ಯೆಗಿಂತ ತಿಂಗಳ ಸಾಲು ನೋಡಿದರೆ ಅದರಲ್ಲಿ ಏನೋ ಅರ್ಥ ಕಾಣುತ್ತೆ. ಇಂಥ ಕೆಲಸಕ್ಕೆ ಬ್ಯಾಂಡು ಚಿನ್ನದಂಥದ್ದು.

ಮನೆಯವರಿಗೆ ಹಳೆಯ ವಾಚೇ ಸಾಕು ಅಂತಾಯಿತು. ನಿದ್ದೆಯ ಲೆಕ್ಕ ಮಾತ್ರ ಆಫ್ ಮಾಡಿಸಿದೆ. ಅದು ಅಲುಗಾಟ ಮತ್ತು ಬಡಿತ ನೋಡಿ ಮಾಡುವ ಅಂದಾಜು. ಎಷ್ಟು ಹೊತ್ತು ಮಲಗಿದರು ಅನ್ನೋದನ್ನು ಸುಮಾರಾಗಿ ಹೇಳುತ್ತೆ, ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಇಷ್ಟು ಅನ್ನೋದು ಆಸ್ಪತ್ರೆಯಲ್ಲಿ ತಲೆಗೆ ತಂತಿ ಅಂಟಿಸಿ ನೋಡುವಂಥ ವಿಷಯ. ನಾಲ್ಕು ಗಂಟೆಗೆ ಏಳಲೇಬೇಕಾದವರಿಗೆ ದಿನಾ ಕೆಂಪು ಬಣ್ಣದಲ್ಲಿ "ಕಳಪೆ" ಅಂತ ತೋರಿಸಿ ಏನು ಉಪಯೋಗ? ಅದರ ಬದಲು ರಾತ್ರಿ ಊಟವಾದ ಮೇಲೆ ಫೋನು ನೋಡ್ತಾ ಕೂರುವ ಮುಕ್ಕಾಲು ಗಂಟೆಯನ್ನು ನಿಲ್ಲಿಸಿದರು. ಪೂರ್ತಿ ಅಲ್ಲ, ಅರ್ಧ.

ನನಗೆ ಏನೂ ಬೇಡ ಅಂದೆ. ಪರ್ಸಿನಲ್ಲಿರೋ ಫೋನೇ ಹೆಜ್ಜೆ ಎಣಿಸುತ್ತೆ, ಮುದ್ದೆಯನ್ನು ಸೇರಿಸೋದೂ ಇಲ್ಲ.

ಮಾವನಿಗೆ ಬೆರಳಿಗೆ ಹಾಕುವ ಕ್ಲಿಪ್ಪು, ತೋಳಿಗೆ ಕಟ್ಟುವ ಬಿ.ಪಿ. ಯಂತ್ರ, ಎರಡನ್ನೂ ಔಷಧಿ ಅಂಗಡಿಯಲ್ಲಿ ಕೊಂಡೆವು. ಎರಡೂ ಸೇರಿ ಒಂದು ಒಳ್ಳೆ ಸ್ಮಾರ್ಟ್‌ವಾಚಿಗಿಂತ ಕಡಿಮೆಯೇ ಆಯಿತು. ಕ್ಲಿಪ್ಪನ್ನು ಮೊದಲು ಡಾಕ್ಟರ ಹತ್ತಿರ ತಗೊಂಡು ಹೋಗಿ ಅವರದರ ಜೊತೆ ಹೋಲಿಸಿದೆವು, ಒಂದೇ ಒಂದು ಅಂಕಿ ವ್ಯತ್ಯಾಸ. ಐದು ನಿಮಿಷ ಸುಮ್ಮನೆ ಕೂತು, ಕೈ ಬೆಚ್ಚಗೆ ಮಾಡಿಕೊಂಡು, ಸಂಖ್ಯೆ ಅಲುಗದೆ ನಿಂತ ಮೇಲೆ ಬರೆದುಕೊಳ್ಳಿ ಅಂದಿದ್ದಾರೆ. ಎಷ್ಟಕ್ಕೆ ಇಳಿದರೆ ಕಾಯದೆ ಬರಬೇಕು ಅನ್ನೋ ಸಂಖ್ಯೆಯನ್ನೂ ಅವರ ಶ್ವಾಸಕೋಶಕ್ಕೆ ತಕ್ಕ ಹಾಗೆ ಚೀಟಿ ಮೇಲೆ ಬರೆದುಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಆ ಸಂಖ್ಯೆಯನ್ನು ನಿಮ್ಮ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ, ನಮ್ಮದನ್ನು ನಿಮಗೆ ಹೇಳಿ ಪ್ರಯೋಜನವಿಲ್ಲ.

ಆ 1,499 ರೂಪಾಯಿ ವಾಚನ್ನು ಬಿಸಾಡೋಕೆ ಹೊರಟಿದ್ದೆ. ಮಾವ ಬಿಡಲಿಲ್ಲ. ಮಗಳ ಹತ್ತಿರ ಹೇಳಿ ಆಮ್ಲಜನಕ, ಬಿ.ಪಿ. ಎರಡರ ಚಿತ್ರವನ್ನೂ ಮುಖದಿಂದ ತೆಗೆಸಿ, ಮಾತ್ರೆಗೆ ಮೂರು ಅಲಾರಾಂ ಇಡಿಸಿಕೊಂಡಿದ್ದಾರೆ. ಕೈಯಲ್ಲಿ ಗುರ್ ಅಂದ ಕೂಡಲೇ ಎದ್ದು ಹೋಗಿ ನುಂಗುತ್ತಾರೆ. ಗಣಿ ಸೈರನ್ ಕೂಗಿದರೆ ಹೀಗೇ ಏಳ್ತಿದ್ವಿ ಅಂತಾರೆ. ಬೆಳಿಗ್ಗೆ ಕಾಫಿಗೆ ಮುಂಚೆ ಕ್ಲಿಪ್ಪು ಹಾಕಿಕೊಂಡು ಕೂರುತ್ತಾರೆ, ಸಂಖ್ಯೆ ನಿಂತ ಮೇಲೆ ಕೂಗಿ ಹೇಳುತ್ತಾರೆ, ನಾನು ಕ್ಯಾಲೆಂಡರಿನ ಚೌಕದಲ್ಲಿ ಬರೀತೀನಿ. ಇವತ್ತು 93.